ರಜೆಯಲ್ಲಿದ್ದ ತಮ್ಮ

ನಮ್ಮಪ್ಪ ಸತ್ತ ಮೇಲೂ ಹನ್ನೊಂದು ವರ್ಷ ಕೆಲಸ ಮಾಡಿದರು. ಒಂದು ದಿನ ರಜೆ ಹಾಕಲಿಲ್ಲ, ಒಂದು ದಿನ ತಡವಾಗಿ ಬರಲಿಲ್ಲ. ಇದು ನನ್ನ ಮಾತಲ್ಲ, ಇಲಾಖೆಯ ಕಡತದ ಮಾತು. ನಂಬದವರು ಹೋಗಿ ನೋಡಬಹುದು, ಗಂಟೆಗೊಂದರಂತೆ ಅಪ್ಪನ ಸಹಿ ಅಲ್ಲಿದೆ. ಆದರೆ ನಾನು ಹೇಳಹೊರಟಿರುವುದು ಆ ಸಹಿಗಳನ್ನು ಹಾಕಿದ ಚಿಕ್ಕಪ್ಪನ ಕಥೆ. ಅವರ ಬಗ್ಗೆ ಆ ಕಡತದಲ್ಲಿ ಇರುವುದು ಒಂದೇ ಸಾಲು, ಅದನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ.

ನಮ್ಮದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಕಾರ್ಖಾನೆ ಎಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಓಣಿಯ ಕೊನೆಯಲ್ಲಿ ಒಂದು ಉದ್ದನೆಯ ಶೆಡ್ಡು, ಒಳಗೆ ನಾಲ್ಕು ತೊಟ್ಟಿ, ಮೇಲೆ ನೂಲಿನ ಲಡಿಗಳನ್ನು ಒಣಹಾಕುವ ಕಂಬಿಗಳು, ಹಿಂದುಗಡೆ ಬಾಯ್ಲರ್ ಕೋಣೆ. ಬಾಯ್ಲರಿನ ಆವಿ ಕೊಳವೆಯಲ್ಲಿ ಬಂದು ತೊಟ್ಟಿಯ ನೀರನ್ನು ಕುದಿಸಿದರೇ ಬಣ್ಣ ನೂಲಿಗೆ ಹಿಡಿಯುವುದು. ಬಾಯ್ಲರ್ ಅಪ್ಪನದು, ಬಣ್ಣ ಚಿಕ್ಕಪ್ಪನದು. ಗಿರಾಕಿ ಒಂದು ಚೂರು ಬಟ್ಟೆ ತಂದು ಇಂಥದ್ದೇ ಬೇಕು ಎಂದರೆ ಚಿಕ್ಕಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತಿದ್ದರು, ಅಷ್ಟೇ. ತೂಕ ಗೀಕ ಏನೂ ಇಲ್ಲ, ಕಣ್ಣಂದಾಜು. ಕೆಂಪೊಂದರಲ್ಲೇ ಅವರಿಗೆ ಹದಿನೇಳು ಬಗೆ ಗೊತ್ತಿತ್ತು. ಯಾವಾಗ ನೋಡಿದರೂ ಉಗುರಿನ ಸಂದಿಯಲ್ಲಿ ಬಣ್ಣ. ಈ ಕೈಯಲ್ಲಿ ಅನ್ನ ಹೇಗೆ ತಿನ್ನುತ್ತೀರಿ ಎಂದು ಚಿಕ್ಕಮ್ಮ ದಿನಾ ರೇಗುತ್ತಿದ್ದಳು, ದಿನಾ ಬಡಿಸುತ್ತಿದ್ದಳು.

ಕಾರ್ಖಾನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ನನಗೆ ನಾಲ್ಕು ವರ್ಷವಾದಾಗ ಅಮ್ಮ ತೀರಿಹೋದಳು. ಆಮೇಲೆ ನನ್ನ ತಲೆ ಬಾಚಿ, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿ, ಬೈದು ಬಡಿದು ಬೆಳೆಸಿದ್ದು ಚಿಕ್ಕಮ್ಮ. ಅವಳಿಗೆ ಮಕ್ಕಳಿರಲಿಲ್ಲ, ಆ ಕೊರತೆಯನ್ನು ಒಂದು ದಿನವೂ ನನ್ನ ಮುಂದೆ ಆಡಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಹೇಳುವಾಗ ನೀವು ಇದನ್ನು ಮರೆಯಬಾರದು.

ಈಗ ಕಾನೂನಿಗೆ ಬರೋಣ. ಎಲ್ಲೋ ದೂರದ ಊರಿನಲ್ಲಿ ಒಂದು ಬಾಯ್ಲರ್ ಸಿಡಿದು ಆರು ಜನ ಸತ್ತರಂತೆ. ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ವಾಲ್ವ್ ಇರಲೇಬೇಕು, ನೋಡಿಕೊಳ್ಳುವವನಿಗೆ ತರಬೇತಿಯ ಪತ್ರ ಇರಲೇಬೇಕು ಎಂದು ನಿಯಮ ಬಂತು. ಅಪ್ಪ ಒಳ್ಳೆಯದೇ ಆಯಿತು ಎಂದರು. ನಾನೂ ಅದನ್ನೇ ಹೇಳುತ್ತೇನೆ, ಆರು ಜನ ಸತ್ತದ್ದು ಸುಳ್ಳಲ್ಲವಲ್ಲ. ಆದರೆ ನಿಯಮ ಮಾಡುವವರಿಗೆ ಒಮ್ಮೆ ಕೈ ರೂಢಿಯಾಯಿತೆಂದರೆ ನಿಲ್ಲಿಸುವುದು ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ಒತ್ತಡ ಬರೆದು ಸಹಿ ಹಾಕಬೇಕು ಎಂದಾಯಿತು. ಬರೆಯುವವನ ಕುರ್ಚಿಗೆ ಬೆನ್ನು ಇರಬೇಕು, ಕೈ ಇರಬಾರದು ಎಂದಾಯಿತು. ನಾನು ಓದು ಮುಗಿಸುವ ಹೊತ್ತಿಗೆ ಹದಿನಾಲ್ಕು ರಿಜಿಸ್ಟರುಗಳಾಗಿದ್ದವು, ಅವುಗಳಲ್ಲಿ ಒಂದು ಉಳಿದ ಹದಿಮೂರು ಎಲ್ಲಿವೆ ಎಂದು ಬರೆದಿಡುವ ರಿಜಿಸ್ಟರು. ಅದನ್ನೆಲ್ಲ ತುಂಬುವ ಕೆಲಸಕ್ಕೆ ಅಪ್ಪ ನನ್ನನ್ನು ಕೂರಿಸಿದರು.

ಬಣ್ಣಗಳಿಗೂ ಒಂದೊಂದಕ್ಕೆ ಬೇರೆಬೇರೆ ಅನುಮತಿ ಬೇಕಾಯಿತು, ಅದೂ ಪ್ರತಿ ವರ್ಷ. ನಲವತ್ತು ಬಣ್ಣ ಹಾಕುತ್ತಿದ್ದವರು ಹನ್ನೆರಡಕ್ಕೆ ಇಳಿದೆವು, ಆಮೇಲೆ ಮೂರಕ್ಕೆ. ಕೆಂಪಿನ ಕಡತವನ್ನು ಮರುಪರಿಶೀಲನೆಗೆಂದು ತೆಗೆದುಕೊಂಡು ಹೋದವರು ಹಿಂದಕ್ಕೆ ಕೊಡಲೇ ಇಲ್ಲ. ನಮ್ಮ ಕೆಂಪು ಇವತ್ತಿಗೂ ಯಾವುದೋ ಮೇಜಿನ ಮೇಲೆ ಬಿದ್ದಿದೆ. ಓಣಿಯಲ್ಲಿ ನಮ್ಮಂಥವು ಐದು ಇದ್ದವು. ನಾಲ್ಕು ಒಂದಾದ ಮೇಲೊಂದು ಮುಚ್ಚಿದವು. ಬಾಗಿಲಿಗೆ ಇಲಾಖೆಯ ಮುದ್ರೆ ಬಿದ್ದ ಆ ಶೆಡ್ಡುಗಳ ಮುಂದೆ ನಡೆದು ಹೋಗುವಾಗ ಒಳಗೆ ತೊಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ನೀರಿನ ಸಂಪರ್ಕ ಕಡಿದು ಎಷ್ಟೋ ವರ್ಷವಾಗಿತ್ತು.

ನಾವು ಮಾತ್ರ ಉಳಿದದ್ದು ಹಳೆಯ ಪರವಾನಗಿಯ ದೆಸೆಯಿಂದ. ಹೊಸ ನಿಯಮದ ಪ್ರಕಾರ ಬಾಯ್ಲರಿನ ಸುತ್ತ ನಲವತ್ತು ಅಡಿ ಖಾಲಿ ಜಾಗ ಬೇಕು. ನಮ್ಮ ಓಣಿಯೇ ಹನ್ನೆರಡು ಅಡಿ. ಆದರೆ ಹಳೆಯ ಪರವಾನಗಿ ಇದ್ದವರಿಗೆ ಇದು ಅನ್ವಯಿಸದು, ಅದರಲ್ಲಿ ನಮೂದಾಗಿರುವ ವ್ಯಕ್ತಿಯೇ ಬಾಯ್ಲರ್ ನೋಡಿಕೊಳ್ಳುತ್ತಿರುವವರೆಗೆ. ಆ ವ್ಯಕ್ತಿ ಬದಲಾದರೆ ಕಾರ್ಖಾನೆಯನ್ನು ಹೊಸದೆಂದೇ ಎಣಿಸತಕ್ಕದ್ದು. ನಮೂದಾಗಿದ್ದ ವ್ಯಕ್ತಿ ಅಪ್ಪ. ಅಂದರೆ ಅಪ್ಪ ಇರುವವರೆಗೆ ಕಾರ್ಖಾನೆ, ಕಾರ್ಖಾನೆ ಇರುವವರೆಗೆ ಅದರಲ್ಲಿ ದುಡಿಯುವ ಒಂಬತ್ತು ಜನರ ಒಲೆ.

ಅಪ್ಪ ಪುಡಿ ಬಣ್ಣ ತರಲು ಬೇರೆ ಊರಿಗೆ ಹೋಗಿದ್ದಾಗ ಲಾಡ್ಜಿನಲ್ಲಿ ಮಲಗಿದವರು ಏಳಲಿಲ್ಲ. ನನಗಾಗ ಹತ್ತೊಂಬತ್ತು. ನಾನು, ಚಿಕ್ಕಪ್ಪ, ಚಿಕ್ಕಮ್ಮ ಹೋಗಿ ಅಲ್ಲೇ ಮಣ್ಣು ಮಾಡಿ ಬಂದೆವು. ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಕೆಲಸದವರೆಲ್ಲ ಅಂಗಳದಲ್ಲಿ ನಿಂತಿದ್ದರು. ಯಾರೂ ಅಳಲಿಲ್ಲ. ಎಲ್ಲರ ಕಣ್ಣೂ ಚಿಕ್ಕಪ್ಪನ ಮೇಲಿತ್ತು. ಕೊನೆಗೆ ಬಾಯಿ ಬಿಟ್ಟವಳು ಚಿಕ್ಕಮ್ಮ.

"ಒಂದು ತಿಂಗಳು," ಎಂದಳು. "ಭಾವ ಇನ್ನೂ ಊರಿಂದ ಬಂದಿಲ್ಲ ಅಂತ ಅಂದ್ಕೊಳ್ಳೋಣ. ಅಷ್ಟರಲ್ಲಿ ಏನಾದ್ರೂ ದಾರಿ ಸಿಗುತ್ತೆ."

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಬಾಯ್ಲರ್ ಹೊತ್ತಿಸಿದರು. ಇಪ್ಪತ್ತು ವರ್ಷ ಅಣ್ಣನ ಪಕ್ಕದಲ್ಲೇ ಇದ್ದವರು, ಕೆಲಸ ನೀರು ಕುಡಿದಷ್ಟು ಸಲೀಸು. ಕಷ್ಟವಾದದ್ದು ಸಹಿ. ಹಳೆಯ ರಿಜಿಸ್ಟರನ್ನು ಎದುರಿಗಿಟ್ಟುಕೊಂಡು ಎರಡು ದಿನ ಕಲಿತರು. ಎಂಟು ಗಂಟೆಯ ಸಾಲಿನಲ್ಲಿ ಮೊದಲ ಸಹಿ ಹಾಕಿ ನನ್ನ ಕಡೆ ತಿರುಗಿಸಿ ತೋರಿಸಿದಾಗ ಶಾಯಿ ಇನ್ನೂ ಹಸಿಯಾಗಿತ್ತು. ಅಪ್ಪನದೇ ಸಹಿ, ಕೊನೆಯಲ್ಲಿ ಹಿಂದಕ್ಕೆ ಎಳೆಯುವ ಗೆರೆ ಸಮೇತ. ಮಣ್ಣು ಮಾಡಿ ಬಂದು ಇನ್ನೂ ನಾಲ್ಕು ದಿನವಾಗಿರಲಿಲ್ಲ.

ಒಂದು ತಿಂಗಳು ಒಂದು ವರ್ಷವಾಯಿತು. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಅಧಿಕಾರಿ ಪ್ರತಿ ಸಲ ಹೊಸಬರೇ, ಅಪ್ಪನ ಮುಖ ಕಂಡವರು ಯಾರೂ ಇರಲಿಲ್ಲ. ಆದರೆ ಅವರ ಕೈಯಲ್ಲಿ ಕಡತ ಇತ್ತು, ಕಡತದಲ್ಲಿ ಅಪ್ಪ ಇದ್ದರು. ಕನ್ನಡಕ ಧರಿಸತಕ್ಕದ್ದು ಎಂದಿತ್ತು. ಚಿಕ್ಕಪ್ಪನ ಕಣ್ಣು ಚೆನ್ನಾಗಿತ್ತು, ಆದರೂ ಅಪ್ಪನ ಕನ್ನಡಕ ಹಾಕಿಕೊಂಡರು. ಮೊದಮೊದಲು ತಲೆನೋವಿನಿಂದ ವಾಂತಿಯಾಗುತ್ತಿತ್ತು. ಮೂರನೆಯ ವರ್ಷಕ್ಕೆ ಅದನ್ನು ತೆಗೆದರೆ ದಾರಿ ಕಾಣುತ್ತಿರಲಿಲ್ಲ. ಎಡಗಿವಿ ಮಂದ, ಹಿಂದಿನಂತೆಯೇ ಇದೆ ಎಂದು ವೈದ್ಯಕೀಯ ಪತ್ರದಲ್ಲಿ ಪ್ರತಿ ವರ್ಷ ಬರೆಯಬೇಕಿತ್ತು. ಅದಕ್ಕಾಗಿ ಚಿಕ್ಕಪ್ಪ ಡಾಕ್ಟರ ಮುಂದೆ ಎಡಗಡೆಯಿಂದ ಕರೆದರೆ ಕೇಳದವರಂತೆ ನಟಿಸುತ್ತಿದ್ದರು. ಆಮೇಲಾಮೇಲೆ ಮನೆಯಲ್ಲೂ ಅವರನ್ನು ಬಲಗಡೆಯಿಂದಲೇ ಕರೆಯಬೇಕಾಯಿತು. ಚಿಕ್ಕಮ್ಮ ಒಮ್ಮೆ ಹಿಂದಿನಿಂದ ಎಡಗಿವಿಯ ಹತ್ತಿರ ತಪ್ಪಲೆ ಬಡಿದು ನೋಡಿದಳು. ಅವರು ಪೇಪರ್ ಓದುತ್ತಲೇ ಇದ್ದರು. ನಾವಿಬ್ಬರೂ ನಕ್ಕೆವು, ಒಬ್ಬರ ಮುಖ ಒಬ್ಬರು ನೋಡಿದ ಮೇಲೆ ನಗು ನಿಂತಿತು.

ಬಣ್ಣ ನೋಡುವ ಕೆಲಸ ಅವರ ಕೈ ಬಿಟ್ಟೇ ಹೋಯಿತು. ಬಾಯ್ಲರ್ ಉರಿಯುವಾಗ ಹತ್ತು ನಿಮಿಷಕ್ಕಿಂತ ಹೆಚ್ಚು ಕುರ್ಚಿ ಬಿಡುವಂತಿಲ್ಲ ಎಂಬುದೂ ಒಂದು ನಿಯಮ. ಇದ್ದದ್ದೇ ಮೂರು ಬಣ್ಣ, ಅದನ್ನು ಯಾರಾದರೂ ಹಾಕುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ಅವರ ಉಗುರು ನೋಡಿದೆ, ಬೆಳ್ಳಗೆ ತೊಳೆದಿಟ್ಟಂತೆ ಇತ್ತು.

ಇನ್ನೊಂದು ತಾಪತ್ರಯ ತಲೆ ಎಣಿಸುವುದು. ರಿಜಿಸ್ಟರಿನಲ್ಲಿ ಒಂಬತ್ತು ಜನ. ಅಪ್ಪನನ್ನು ಇದ್ದಾರೆ ಎಂದು ತೋರಿಸಿದ ಮೇಲೆ ಒಬ್ಬರು ಕಡಿಮೆಯಾಗಲೇಬೇಕಲ್ಲ, ಕಡಿಮೆಯಾದವರು ಚಿಕ್ಕಪ್ಪ. ಪ್ರತಿ ತಪಾಸಣೆಯ ದಿನ ಬಣ್ಣದ ಕೆಲಸದ ತಮ್ಮ ರಜೆಯಲ್ಲಿದ್ದಾನೆ ಎಂದು ನಾನೇ ಬರೆಯುತ್ತಿದ್ದೆ. ನಾಲ್ಕನೆಯ ವರ್ಷ ಬಂದ ಅಧಿಕಾರಿ ಹಿಂದಿನ ಹಾಳೆಗಳನ್ನು ಮಗುಚಿ ಹಾಕಿ, ಇಷ್ಟೊಂದು ರಜೆ ಹಾಕುವವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಚಿಕ್ಕಪ್ಪನನ್ನೇ ಕೇಳಿದರು.

"ಒಡಹುಟ್ಟಿದವನು ಸಾರ್," ಎಂದರು ಚಿಕ್ಕಪ್ಪ. "ಹೇಗೆ ಬಿಡೋಕಾಗುತ್ತೆ."

ಆ ದನಿಯಲ್ಲಿ ನಟನೆ ಇರಲಿಲ್ಲ. ತಮ್ಮನ ಮೇಲೆ ಬೇಸರವೂ ಅಕ್ಕರೆಯೂ ಇದ್ದ ಅಣ್ಣನ ದನಿ ಅದು. ಮರುವರ್ಷ ಐದು ತಪಾಸಣೆಗಳಿಗೆ ಸತತ ಗೈರುಹಾಜರಾದವರನ್ನು ಪಟ್ಟಿಯಿಂದ ತೆಗೆಯತಕ್ಕದ್ದು ಎಂಬ ಸುತ್ತೋಲೆ ತೋರಿಸಿ ಚಿಕ್ಕಪ್ಪನ ಹೆಸರನ್ನು ಹೊಡೆದುಹಾಕಿದರು. ಅದಕ್ಕೆ ಜವಾಬ್ದಾರ ವ್ಯಕ್ತಿಯ ಒಪ್ಪಿಗೆ ಬೇಕಿತ್ತು. ಚಿಕ್ಕಪ್ಪ ಅಪ್ಪನ ಸಹಿ ಹಾಕಿ ಒಪ್ಪಿಗೆ ಕೊಟ್ಟರು. ಆ ಸಂಜೆ ಕಾಫಿ ಕುಡಿಯುತ್ತ, ಅವನು ಪಾಪ ಒಳ್ಳೆಯವನೇ, ಬಣ್ಣದ ಕೈ ಚೆನ್ನಾಗಿತ್ತು ಎಂದು ತಮಾಷೆ ಮಾಡಿದರು. ತಮಾಷೆಯೇ ಇರಬೇಕು ಎಂದುಕೊಂಡು ನಾವೂ ನಕ್ಕೆವು.

ಬಾಯ್ಲರಿನ ಮೇಲುಗಡೆ ಗೋಡೆಯಲ್ಲಿ ನಮೂದಿತ ವ್ಯಕ್ತಿಯ ಫೋಟೊ ತೂಗುಹಾಕಬೇಕು, ಮೂರು ವರ್ಷಕ್ಕೊಮ್ಮೆ ಹೊಸದು ತೆಗೆಸಬೇಕು. ಹಳೆಯ ಫೋಟೊ ನಡೆಯಲಿಲ್ಲ. ಚಿಕ್ಕಪ್ಪ ಅಪ್ಪನ ಹಾಗೆ ಕೂದಲನ್ನು ಬಲಕ್ಕೆ ಬಾಚಿ, ಕನ್ನಡಕ ಹಾಕಿ, ತುಟಿ ಬಿಗಿದು ಸ್ಟುಡಿಯೋದಲ್ಲಿ ಕೂತರು. ಮೊದಲ ಫೋಟೊ ನೋಡಿದಾಗ ಮಕ್ಕಳಾಟ ಅನ್ನಿಸಿತು. ಮೂರನೆಯದು ಬಂದಾಗ ನಾನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಅಪ್ಪ ಬದುಕಿದ್ದರೆ ಈಗ ಹೀಗೇ ಇರುತ್ತಿದ್ದರು. ಕಿವಿಯ ಮೇಲೆ ಬಿಳಿ ಕೂದಲು, ಕೆನ್ನೆ ಒಂದಿಷ್ಟು ಇಳಿದಿದೆ. ಸತ್ತವರ ಫೋಟೊಗೆ ವಯಸ್ಸಾಗುವುದಿಲ್ಲ ಅಂತಾರಲ್ಲ, ನಮ್ಮಪ್ಪನಿಗೆ ಆಯಿತು. ಆಮೇಲೆ ದಿನವೂ ಏನಾದರೊಂದು ನೆಪ ಮಾಡಿಕೊಂಡು ಬಾಯ್ಲರ್ ಕೋಣೆಗೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ.

ಹಾಗೆ ಹೋದಾಗ ಒಂದು ಮಧ್ಯಾಹ್ನ ಚಿಕ್ಕಪ್ಪ ಒತ್ತಡದ ಮುಳ್ಳನ್ನೇ ನೋಡುತ್ತ, ನೀನು ಚಿಕ್ಕವಳಿದ್ದಾಗ ಹೊಸ ಶೂ ಒಂದನ್ನು ನೀಲಿ ತೊಟ್ಟಿಗೆ ಬೀಳಿಸಿಕೊಂಡಿದ್ದೆ, ಚಿಕ್ಕಮ್ಮನಿಗೆ ಗೊತ್ತಾಗಬಾರದೆಂದು ಇನ್ನೊಂದನ್ನೂ ನಾನೇ ಅದ್ದಿ ನೀಲಿ ಮಾಡಿಕೊಟ್ಟೆ, ನೆನಪಿದೆಯಾ ಎಂದರು. ನೆನಪಿತ್ತು. ಮಾಡಿಕೊಟ್ಟವರು ಅಪ್ಪ. ಯಾರಿಗೂ ಹೇಳಬಾರದು ಎಂದು ನಾವಿಬ್ಬರೂ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಂಡಿದ್ದೆವು. ಅಪ್ಪ ತಮ್ಮನಿಗೆ ಯಾವಾಗಲೋ ಹೇಳಿರಬೇಕು. ಹೇಳಿರಲೇಬೇಕು, ಇನ್ನು ಹೇಗೆ ಗೊತ್ತಾಗುತ್ತದೆ. ನಾನು ಮಾತ್ರ ಕೇಳಲಿಲ್ಲ. ಹೂಂ ಎಂದು ತಲೆಯಾಡಿಸಿ, ಬಾಗಿಲ ಬಳಿ ನಿಂತು, ಇನ್ನೇನಾದರೂ ಹೇಳುತ್ತಾರೇನೋ ಎಂದು ಕಾದೆ.

ಚಿಕ್ಕಮ್ಮ ಸೊರಗುತ್ತ ಬಂದಳು. ತೋರಿಸಿಕೊಳ್ಳುವವಳಲ್ಲ. ಒಂದು ದಿನ ಒಲೆಯ ಮುಂದೆ ಇಬ್ಬರೇ ಇದ್ದಾಗ ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ನಿನ್ನೆ ಅವರು ಒಳಗೆ ಬಂದ್ರು. ಭಾವ ಬಂದ್ರು ಅಂತ ಎದ್ದು ನಿಂತುಬಿಟ್ಟೆ ಕಣೆ. ಗಂಡ ಬಂದ್ರೆ ಯಾರಾದ್ರೂ ಹಾಗೆ ನಿಲ್ತಾರಾ?" ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿ ಸೇರಿಸಿದಳು, "ಅವರೂ ಕೂತ್ಕೋ ಅನ್ನಲಿಲ್ಲ."

ಹನ್ನೊಂದನೆಯ ವರ್ಷ ಆಶ್ಚರ್ಯವೊಂದು ನಡೆಯಿತು. ನಿಯಮಗಳು ಅತಿಯಾದವು ಎಂದು ಮೇಲಿನವರಿಗೇ ಅನ್ನಿಸಿತಂತೆ. ಸಡಿಲಿಕೆಯ ಸುತ್ತೋಲೆ ಬಂತು. ಹಳೆಯ ಪರವಾನಗಿಯವರು ಮೂರು ತಿಂಗಳೊಳಗೆ ಬಾಯ್ಲರ್ ನೋಡಿಕೊಳ್ಳುವವರ ಹೆಸರು ಬದಲಿಸಿಕೊಳ್ಳಬಹುದು, ಕಾರ್ಖಾನೆಯನ್ನು ಹೊಸದೆಂದು ಎಣಿಸುವುದಿಲ್ಲ, ಹಿಂದೆ ಏನು ನಡೆದಿತ್ತು ಎಂದು ಯಾರೂ ಕೆದಕುವುದಿಲ್ಲ. ನಾನು ಎರಡೆರಡು ಸಲ ಓದಿ ಚಿಕ್ಕಮ್ಮನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅಂದರೆ ಅವರು ಅವರೇ ಆಗಬಹುದಾ ಎಂದು ಕೇಳಿದಳು. ಆಗಬಹುದು ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಮೂರು ತಿಂಗಳು ಅವಳು ಗಂಡನನ್ನು ಮರಳಿ ಕಲಿಸಿದಳು. ಹೌದು, ಕಲಿಸಿದಳು ಎಂದೇ ಹೇಳಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರ ಸ್ವಂತ ಸಹಿ ಬರೆಸಿದಳು. ಮೊದಲು ಪೆನ್ನು ಹಿಡಿದ ಕೈ ಅಲ್ಲಾಡಲೇ ಇಲ್ಲ, ಆಮೇಲೆ ಸೊಟ್ಟಸೊಟ್ಟಗೆ ಬಂತು. ಕೂದಲು ಎಡಕ್ಕೆ ಬಾಚಿದಳು. ಕೆಂಪು ನೂಲಿನ ಒಂದು ಹಳೆಯ ಲಡಿಯನ್ನು ಟ್ರಂಕಿನಿಂದ ತೆಗೆದು ಕೈಗಿಟ್ಟಳು. ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಚೆನ್ನಾಗಿದೆ, ಯಾರು ಹಾಕಿದ್ದು ಎಂದರು. ಚಿಕ್ಕಮ್ಮ ನೀವೇ ಎಂದಳು. ಅವರು ನಕ್ಕರು. ಆದರೂ ದಿನದಿನಕ್ಕೆ ಒಂದಿಷ್ಟು ವಾಪಸು ಬರುತ್ತಿದ್ದರು. ಒಂದು ಮಧ್ಯಾಹ್ನ ಅವಳನ್ನು ಮೊದಲಿನಂತೆ ರೇಗಿಸಿದರು ಕೂಡ. ಅವಳು ಕೆಂಪಾದಳು. ನಾನು ಪಕ್ಕದ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡೆ, ಎದ್ದು ಬಾಯ್ಲರ್ ಕೋಣೆಗೆ ಹೋಗಿ ಫೋಟೊದ ಮುಂದೆ ನಿಂತೆ.

ಕೊನೆಯ ವಾರ ಅಧಿಕಾರಿ ಕಾರ್ಖಾನೆಗೇ ಬಂದರು. ಚಿಕ್ಕ ವಯಸ್ಸಿನವರು, ಸಂಭಾವಿತರು, ಅಷ್ಟು ವರ್ಷದಲ್ಲಿ ಕೂತುಕೊಳ್ಳಿ ಎಂದು ನಮಗೇ ಹೇಳಿದ ಮೊದಲ ಅಧಿಕಾರಿ. ಬಾಯ್ಲರ್ ಕೋಣೆಯಲ್ಲಿ ಮೇಜು ಹಾಕಿದ್ದೆವು. ಅರ್ಜಿಯನ್ನು ನಾನೇ ತುಂಬಿದ್ದೆ, ಹೊಸ ಹೆಸರಿನ ಜಾಗವನ್ನು ಮಾತ್ರ ಚಿಕ್ಕಪ್ಪನ ಕೈಯಲ್ಲೇ ಬರೆಸಬೇಕೆಂದು ಖಾಲಿ ಬಿಟ್ಟಿದ್ದೆ. ಚಿಕ್ಕಮ್ಮ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಒಮ್ಮೆ ಒತ್ತಡದ ಮುಳ್ಳನ್ನು ನೋಡಿ, ಪೆನ್ನು ತೆಗೆದುಕೊಂಡು ಸರಸರನೆ ಬರೆದು ಸಹಿ ಹಾಕಿದರು.

ಅಪ್ಪನ ಹೆಸರು. ಅಪ್ಪನ ಸಹಿ.

ಅಧಿಕಾರಿ ಹಳೆಯ ಪರವಾನಗಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ ಹೆಸರು, ಬದಲಾವಣೆ ಏನಿದೆ ಎಂದು ಕೇಳಿದರು. ಚಿಕ್ಕಮ್ಮ ಒಳಗೆ ಬಂದು, ಅದು ಇವರ ಹೆಸರಲ್ಲ ಸಾರ್, ಕೈ ತಪ್ಪಿ ಬರೆದರು ಎಂದಳು. ಅಧಿಕಾರಿ ತಬ್ಬಿಬ್ಬಾದರು. ಸ್ವಂತ ಹೆಸರು ಬರೆಯುವಾಗಲೇ ಕೈ ತಪ್ಪುವವರನ್ನು ಅವರು ಎಲ್ಲಿ ಕಂಡಿದ್ದಾರೆ. ನಿಮ್ಮ ಹೆಸರೇನು ಎಂದು ಚಿಕ್ಕಪ್ಪನನ್ನೇ ಕೇಳಿದರು.

ಚಿಕ್ಕಪ್ಪ ಬಾಯಿ ತೆರೆದರು. ಹಾಳೆಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಆಮೇಲೆ ಗೋಡೆಯ ಫೋಟೊ ನೋಡಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೆದರಿದ ಮಗುವಿನ ಹಾಗೆ ಕೊನೆಗೆ ನನ್ನ ಕಡೆ ತಿರುಗಿದರು.

"ಕಡತದಲ್ಲಿ ಒಬ್ಬ ಮಗಳು ಅಂತ ಇದೆ," ಎಂದರು ಅಧಿಕಾರಿ. "ನೀವೇ ಅಲ್ವಾ? ನೀವು ಹೇಳಿದ್ದನ್ನ ಬರ್ಕೊಳ್ತೀನಿ, ಅಷ್ಟೇ ಸಾಕು. ಇವರು ನಿಮಗೇನಾಗಬೇಕು?"

ಹೇಳಬೇಕಾದದ್ದು ಒಂದೇ ಮಾತು. ಚಿಕ್ಕಪ್ಪ ಎಂದರೆ ಸಾಕು, ಒಬ್ಬ ಹೆಂಗಸಿಗೆ ಗಂಡ ಸಿಗುತ್ತಿದ್ದ, ಹನ್ನೊಂದು ವರ್ಷ ತನ್ನನ್ನು ತಾನು ಅಳಿಸಿಕೊಂಡ ಮನುಷ್ಯನಿಗೆ ತನ್ನ ಹೆಸರು ಸಿಗುತ್ತಿತ್ತು. ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯ ಇರಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ.

"ಅಪ್ಪ," ಎಂದೆ.

ಚಿಕ್ಕಪ್ಪನ ಮುಖ ಅರಳಿತು. ಕಳೆದುಹೋಗಿದ್ದವರಿಗೆ ದಾರಿ ತೋರಿಸಿದಂತೆ ಅವರು ನೆಟ್ಟಗೆ ಕೂತರು. ಅಧಿಕಾರಿ ಮುದ್ರೆ ಒತ್ತಿದರು. ಹೊಸ ನಿಯಮದ ಪ್ರಕಾರ ಇನ್ನು ನವೀಕರಣ ಬೇಕಿಲ್ಲ, ಇವರ ಹೆಸರಿನಲ್ಲೇ ಕಾಯಂ ಆಗಿ ನಡೆಯುತ್ತದೆ, ಇನ್ನು ನೆಮ್ಮದಿಯಾಗಿರಿ ಎಂದು ಕೈ ಕುಲುಕಿ ಹೋದರು.

ಹೆದರಿ ಹಾಗೆ ಹೇಳಿಬಿಟ್ಟೆ, ಮೋಸ ಹೊರಬಿದ್ದರೆ ಬಾಗಿಲಿಗೆ ಮುದ್ರೆ ಬೀಳುತ್ತದೆ ಎಂದುಕೊಂಡೆ ಎಂದು ಕೆಲಸದವರಿಗೆ ಹೇಳಿದೆ. ಅವರು ನಂಬಿದರು. ಶುದ್ಧ ಸುಳ್ಳು. ಯಾರೂ ಕೆದಕುವುದಿಲ್ಲ ಎಂಬ ಸಾಲನ್ನು ಎರಡೆರಡು ಸಲ ಓದಿದವಳು ನಾನೇ ಅಲ್ಲವೇ. ನನಗೆ ಅಪ್ಪ ಬೇಕಾಗಿತ್ತು, ಅಷ್ಟೇ. ಮಣ್ಣು ಮಾಡಿ ಬಂದ ದಿನ ಅಳಲು ಬಿಡದೆ ನನ್ನ ಕೈಗೆ ರಿಜಿಸ್ಟರು ಕೊಟ್ಟಿದ್ದರು. ಎದುರಿಗೆ ಕೂತಿದ್ದವರನ್ನು ಇನ್ನೊಮ್ಮೆ ಕಳೆದುಕೊಳ್ಳಲು ನನ್ನಿಂದಾಗಲಿಲ್ಲ.

ಚಿಕ್ಕಮ್ಮ ನನ್ನನ್ನು ಬಯ್ಯಲಿಲ್ಲ. ಮನೆಗೆ ಹೋಗಿ ಸೀರೆ ಬದಲಿಸಿ ಅಡುಗೆ ಮಾಡಿದಳು. ಬಡಿಸಿಟ್ಟು, ಬಾಗಿಲಿಗೆ ಬಂದು, ನನ್ನ ಮುಖ ನೋಡದೆ ಹೇಳಿದಳು.

"ನಿಮ್ಮಪ್ಪನ್ನ ಊಟಕ್ಕೆ ಕರೀರಿ."

ನಾಲ್ಕು ವರ್ಷದವಳಿದ್ದಾಗಿನಿಂದ ಅವಳು ನನ್ನನ್ನು ನೀನು ಎಂದೇ ಕರೆದವಳು. ಆವತ್ತಿನಿಂದ ನೀವು ಅನ್ನುತ್ತಾಳೆ.